ಜೇಬಿನ ಮರ್ಯಾದೆ

ನಮ್ಮ ಮನೆಯಲ್ಲಿ ಮೆಲ್ಲಗೆ ಮಾತಾಡುವ ರೂಢಿ ಇಲ್ಲ. ಕೆಳಗೆ ಲಾಂಡ್ರಿ ಅಂಗಡಿ, ಮೇಲೆ ಎರಡು ಕೋಣೆ, ಒಂದು ಅಡುಗೆಮನೆ. ಒಗೆಯುವ ಯಂತ್ರಗಳು ಬೆಳಗಿನಿಂದ ಸಂಜೆಯವರೆಗೆ ಗಡಗಡ ಅನ್ನುತ್ತಲೇ ಇರುತ್ತವೆ. ಅವುಗಳ ಸದ್ದಿನ ಮೇಲೆ ದನಿ ಎತ್ತಿ ಎತ್ತಿ ಎಲ್ಲರ ಗಂಟಲೂ ಹಾಗೆಯೇ ಪಳಗಿಬಿಟ್ಟಿದೆ. "ಉಪ್ಪು ಈ ಕಡೆ ಕೊಡು" ಅಂದರೂ ಹೊರಗಿನವರಿಗೆ ಜಗಳದ ಹಾಗೆ ಕೇಳಿಸುತ್ತದೆ. ಹಾಗಂತ ಜಗಳ ಇಲ್ಲವೇ ಇಲ್ಲ ಅಂತಲ್ಲ. ಇದೆ, ಬೇಕಾದಷ್ಟಿದೆ.

ಅಂಗಡಿ ನಮ್ಮಮ್ಮನದು. ವಯಸ್ಸಾಯಿತು, ಕೂತುಕೋ ಅಂದರೆ "ಕೂತ್ರೆ ಎಬ್ಬಿಸೋಕೆ ಯಾರ್ ಬರ್ತೀರಿ, ನೀವು?" ಅನ್ನುತ್ತಾಳೆ. ಇಸ್ತ್ರಿ ಮತ್ತು ಆವಿಯಂತ್ರ ಅಣ್ಣನ ಪಾಲು. ಗಲ್ಲಾ ಅತ್ತಿಗೆಯದು. ಮೂಲೆಯ ಹೊಲಿಗೆಯಂತ್ರ ನನ್ನದು. ಕಿತ್ತ ಗುಂಡಿ, ಹರಿದ ಅಸ್ತರು, ಕೆಟ್ಟ ಜಿಪ್ಪು ಎಲ್ಲ ನನ್ನ ತಲೆಗೆ. ಗಂಡನ ಮನೆ ಬಿಟ್ಟು ಬಂದಾಗಿನಿಂದ ಅಲ್ಲೇ ಕೂತಿದ್ದೇನೆ, ಅದರ ಬಗ್ಗೆ ಯಾರೂ ಏನೂ ಕೇಳುವ ಅಗತ್ಯ ಇಲ್ಲ. ಇನ್ನು ಉಳಿದವಳು ಅಣ್ಣನ ಮಗಳು. ಹದಿನಾರು ವರ್ಷ. ಗಾಳಿ ಬೀಸಿದರೆ ಹಾರಿಹೋಗುವ ಹಾಗಿದ್ದಾಳೆ ಅಂತ ನಾನೇ 'ಕಡ್ಡಿ' ಅಂತ ಹೆಸರಿಟ್ಟೆ. ಈಗ ಮನೆಯಲ್ಲಿ ಅದೇ ಅವಳ ಹೆಸರು.

ಅಂಗಡಿಯಲ್ಲಿ ಒಂದು ನಿಯಮ ಇದೆ. ಬಟ್ಟೆ ಬಂದ ಕೂಡಲೇ ನಮ್ಮಮ್ಮ ತನ್ನ ಮೇಜಿನ ಮೇಲೆ ಹಾಕಿಕೊಂಡು ಪ್ರತಿ ಜೇಬಿಗೂ ಕೈ ಹಾಕುತ್ತಾಳೆ. ಸಿಕ್ಕಿದ್ದು ಸಣ್ಣ ಪ್ಲಾಸ್ಟಿಕ್ ಕವರಿಗೆ ಹೋಗಬೇಕು. ಒಗೆದು ಇಸ್ತ್ರಿಯಾದ ಮೇಲೆ ಆ ಕವರನ್ನು ಅದೇ ಬಟ್ಟೆಯ ಒಳಬದಿಗೆ ಪಿನ್ನು ಚುಚ್ಚಿ ವಾಪಸ್ ಕೊಡಬೇಕು. ಏನು, ಎತ್ತ, ಯಾರದು ಅಂತ ಕೇಳಕೂಡದು. ಉಂಗುರ ಸಿಕ್ಕಿದೆ, ಯಾರದೋ ಹಲ್ಲಿನ ಸೆಟ್ಟು ಸಿಕ್ಕಿದೆ, ಯಾರದೋ ಹೆಂಡತಿಯದಲ್ಲದ ಕಿವಿಯೋಲೆಯೂ ಸಿಕ್ಕಿದೆ. ಎಲ್ಲ ಪಿನ್ನು ಚುಚ್ಚಿಸಿಕೊಂಡು ಹೋಗಿವೆ. "ಜೇಬಿಗೂ ಒಂದು ಮರ್ಯಾದೆ ಇದೆ" ಅನ್ನುತ್ತಾಳೆ ನಮ್ಮಮ್ಮ. ಆ ಮರ್ಯಾದೆಯಿಂದಲೇ ಗಿರಾಕಿಗಳು ಬರುತ್ತಾರೆ ಅಂತ ಅವಳ ನಂಬಿಕೆ. ಸುಳ್ಳಲ್ಲ.

ಎದುರು ಸಾಲಿನ ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು ನಮ್ಮ ಹಳೇ ಗಿರಾಕಿ. ಬ್ಯಾಂಕಿನಮ್ಮ ಅನ್ನುತ್ತೇವೆ. ಅವಳ ಮಗಳು ಕಡ್ಡಿಯ ಕ್ಲಾಸಿನವಳು, ಸೊಂಟ ದಾಟುವ ಜಡೆ. ನಮಗೆ ಅವಳು ಉದ್ದಜಡೆ. ಕಡ್ಡಿಗೆ ಅವಳೆಂದರೆ ಪ್ರಾಣ. ಅವಳು ಕೂತಲ್ಲಿ ಕೂರಬೇಕು, ನಿಂತಲ್ಲಿ ನಿಲ್ಲಬೇಕು. ಒಂದು ದಿನ ಆ ಹುಡುಗಿಯ ಶಾಲೆಯ ಕೋಟು ಒಗೆಯಲು ಬಂತು. ಒಳಜೇಬಿನಲ್ಲಿ ಬೆಳ್ಳಿಕಾಗದದ ಸುರುಳಿ, ಅದರೊಳಗೆ ಗುಲಾಬಿ ಬಣ್ಣದ ಮಾತ್ರೆಗಳು. ನಮ್ಮಮ್ಮ ತಲೆನೋವಿನದ್ದೋ ಹೊಟ್ಟೆನೋವಿನದ್ದೋ ಅಂದುಕೊಂಡು ಕವರಿಗೆ ಹಾಕಿ ಪಿನ್ನು ಚುಚ್ಚಿದಳು. ಕೋಟು ತೆಗೆದುಕೊಂಡು ಹೋಗಲು ಬಂದವಳು ತಾಯಿ.

ಎರಡು ದಿನ ಬಿಟ್ಟು ಬ್ಯಾಂಕಿನಮ್ಮ ಅಂಗಡಿಗೆ ನುಗ್ಗಿದಳು. ಮುಖ ಕೆಂಡ, ಕೈಯಲ್ಲಿ ಆ ಕವರು.

"ಇದೇನ್ರೀ ಇದು? ನಿಮ್ಮ ಅಂಗಡಿಯಿಂದ ಬಂದಿದ್ದು!"

"ನಿಮ್ಮ ಜೇಬಿಂದ ನಮ್ಮ ಅಂಗಡಿಗೆ ಬಂದಿದ್ದು," ಅಂದಳು ಅತ್ತಿಗೆ.

"ನನ್ನ ಮಗಳು ತನ್ನದಲ್ಲ ಅಂತಾಳೆ. ನೀವೇ ಯಾರೋ ಹಾಕಿರಬೇಕು!"

"ಹೌದು ಕಣ್ರೀ, ನಮಗೆ ಬೇರೆ ಕೆಲಸ ಇಲ್ಲ ನೋಡಿ. ಒಗೆದದ್ದಕ್ಕೆ ದುಡ್ಡು, ಮಾತ್ರೆ ಪುಕ್ಕಟೆ!"

ಬಟ್ಟೆ ತಂದಿದ್ದ ಇಬ್ಬರು ಬಾಗಿಲಲ್ಲೇ ನಿಂತರು. ಬ್ಯಾಂಕಿನಮ್ಮ ದನಿ ತಗ್ಗಿಸಿದಳು, ಆದರೆ ವಿಷ ತಗ್ಗಲಿಲ್ಲ. "ಡಾಕ್ಟರಿಗೆ ತೋರಿಸಿದೆ. ಇದು ಕಾಯಿಲೆ ಮಾತ್ರೆ ಅಲ್ಲ, ನಶೆಯದ್ದು. ನಿಮ್ಮ ಮಗಳನ್ನ ಕೇಳಿ ನೋಡಿ. ಅವರೆಲ್ಲ ಒಂದೇ ಗುಂಪು. ಇವಳ ಸಹವಾಸದಿಂದಲೇ ನನ್ನ ಮಗಳು ಕೆಟ್ಟಿರೋದು."

ಅತ್ತಿಗೆ ಗಲ್ಲಾ ಮುಚ್ಚಿ, ಬಾಗಿಲಲ್ಲಿದ್ದವರ ಬಟ್ಟೆಗೆ ಕೈ ಚಾಚಿದಳು.

ಸಂಜೆ ಊಟಕ್ಕೆ ಕೂತಾಗ ಅನ್ನ, ಬೇಳೆ, ಒಂದೊಂದು ಬೇಯಿಸಿದ ಮೊಟ್ಟೆ. ಕಡ್ಡಿ ಮೊಟ್ಟೆಯ ಸಿಪ್ಪೆಯನ್ನು ಚೂರುಚೂರಾಗಿ ಬಿಡಿಸುತ್ತಾ ಕೂತಿದ್ದಳು. ಅಣ್ಣ ತಟ್ಟೆ ಪಕ್ಕಕ್ಕೆ ಸರಿಸಿದ.

"ಆ ಮಾತ್ರೆ ವಿಷಯ ನಿಂಗೆ ಗೊತ್ತಿತ್ತಾ?"

"ನಾನು ತಗೊಂಡಿಲ್ಲ."

"ನಾ ಕೇಳಿದ್ದು ಅದಲ್ಲ. ಗೊತ್ತಿತ್ತಾ?"

"ಗೊತ್ತಿತ್ತು."

"ಎಷ್ಟು ದಿನದಿಂದ?"

"ಅದೆಲ್ಲ ಯಾರ್ ಬರೆದಿಟ್ಟುಕೊಂಡಿರ್ತಾರೆ!"

ಅಣ್ಣನ ಕೈ ಮೇಲೆದ್ದಿತು. ಅತ್ತಿಗೆ ಅನ್ನದ ಪಾತ್ರೆ ಹಿಡಿದುಕೊಂಡೇ ನಡುವೆ ಬಂದಳು. "ಹೊಡೆದ್ರೆ ನಾ ಸುಮ್ನಿರಲ್ಲ ನೋಡಿ," ಅಂದಳು ಅವನಿಗೆ. ತಿರುಗಿ ಮಗಳಿಗೆ, "ಗೊತ್ತಿದ್ದೂ ಯಾಕೆ ಬಾಯಿ ಬಿಡ್ಲಿಲ್ಲ ನೀನು, ಹೇಳು?" ಅಂತ ಅವನಿಗಿಂತ ಜೋರಾಗಿ ಕಿರುಚಿದಳು.

"ಈ ಮನೇಲಿ ಅದನ್ನೇ ಅಲ್ವಾ ಕಲಿಸಿರೋದು?" ಕಡ್ಡಿ ಸೀದಾ ನಮ್ಮಮ್ಮನನ್ನು ನೋಡಿದಳು. "ಯಾರ ಜೇಬಲ್ಲಿ ಏನಿದ್ರೂ ಕೇಳ್ಬಾರದು. ಅಜ್ಜಿ ಮಾಡಿದ್ರೆ ನಿಯಮ, ನಾನು ಮಾಡಿದ್ರೆ ತಪ್ಪಾ? ಈಗ ಶಾಲೇಲಿ ಎಲ್ಲರೂ ಏನಂತಾರೆ ಗೊತ್ತಾ? ನಾನೇ ಬೇಕಂತಲೇ ಅಜ್ಜಿ ಕೈಲಿ ಪಿನ್ನು ಹಾಕಿಸಿ ಅವಳಮ್ಮನಿಗೆ ಕೊಡಿಸಿದೆ ಅಂತ. ಚಾಡಿಕೋರಿ ಅಂತಾರೆ!"

ನಮ್ಮಮ್ಮ ಮೊಟ್ಟೆಗೆ ಉಪ್ಪು ಹಾಕಿಕೊಂಡಳು. "ಮಾತ್ರೆ ಅಂತ ಹಾಕಿದೆ. ಹಲ್ಲಿದ್ದಿದ್ರೂ ಹಾಕ್ತಿದ್ದೆ," ಅಂದಳು.

"ಅಷ್ಟೇನಾ? ಅಷ್ಟೇನಾ ನೀನು ಹೇಳೋದು?"

"ಊಟ ಮಾಡು."

ಕಡ್ಡಿ ಎದ್ದುಹೋದಳು. ಅವಳ ತಟ್ಟೆಯ ಮೊಟ್ಟೆ ಕೊನೆಗೆ ನಾನು ತಿಂದೆ. ಕೋಪ ಬಂದರೆ ನನಗೆ ಹಸಿವು ಜಾಸ್ತಿ.

ಮರುದಿನದಿಂದ ಅಣ್ಣ ತಪಾಸಣೆ ಶುರು ಮಾಡಿದ. ಶಾಲೆಯಿಂದ ಬಂದ ಮಗಳು ಮೆಟ್ಟಿಲು ಹತ್ತುವ ಮೊದಲು ಅಂಗಡಿಯ ಮೇಜಿನ ಮೇಲೆ ಚೀಲ ಸುರಿಯಬೇಕು, ಜೇಬು ಹೊರಗೆಳೆದು ತೋರಿಸಬೇಕು. ಫೋನು ಅವನ ಇಸ್ತ್ರಿ ಮೇಜಿನ ಡ್ರಾಯರಿಗೆ ಸೇರಿತು. ಗಿರಾಕಿ ಇದ್ದಾರೆ ಅಂತಲೂ ಅವನು ನೋಡುತ್ತಿರಲಿಲ್ಲ. ಒಂದು ದಿನ ಯಾರೋ ಮೇಷ್ಟ್ರು ಪ್ಯಾಂಟು ಇಸಿದುಕೊಳ್ಳಲು ನಿಂತಿದ್ದರು, ಅವರ ಮುಂದೆಯೇ ಅವಳ ಚೀಲ ತಲೆಕೆಳಗಾಯಿತು. ಹೆಣ್ಣುಮಕ್ಕಳು ತಿಂಗಳಿಗೊಮ್ಮೆ ಬಳಸುವ ವಸ್ತು ಮೇಜಿನ ಮೇಲೆ ಬಿತ್ತು. ಮೇಷ್ಟ್ರು ಗೋಡೆ ನೋಡಿದರು.

"ದಾರೀಲಿ ಹೋಗೋರ ಜೇಬಿಗೆ ಇಲ್ಲಿ ಮರ್ಯಾದೆ ಇದೆ," ಅಂದಳು ಕಡ್ಡಿ, ಒಂದೊಂದಾಗಿ ಸಾಮಾನು ತುಂಬಿಕೊಳ್ಳುತ್ತಾ. "ನನ್ನ ಜೇಬಿಗೆ ಮಾತ್ರ ಇಲ್ಲ."

"ಮರ್ಯಾದೆ ಬೇಕಾದ್ರೆ ಸಂಪಾದಿಸು," ಅಂದ ಅಣ್ಣ.

"ಅವರೇನು ಸಂಪಾದಿಸಿದ್ರಾ? ಕೊಳೆ ಬಟ್ಟೆ ತಂದ್ರು, ಅಷ್ಟೇ!"

ಅಣ್ಣ ಆವಿಯಂತ್ರದ ಹಿಡಿ ಒತ್ತಿದ. ಉತ್ತರ ಹೊಳೆಯದಿದ್ದಾಗ ಅವನು ಆವಿ ಬಿಡುತ್ತಾನೆ. ಅರ್ಧ ಅಂಗಡಿ ಹೊಗೆಯಾಯಿತು. ನಾನು ಅವನನ್ನು ಬೈದೆ, ಅತ್ತಿಗೆ ನನ್ನನ್ನು ಬೈದಳು, "ನಿಮಗೆ ಮಕ್ಕಳಿದ್ದಿದ್ರೆ ಗೊತ್ತಾಗ್ತಿತ್ತು" ಅಂದಳು. ಆ ಮಾತಿಗೆ ನಾಲ್ಕು ದಿನ ನಾನು ಅವಳ ಜೊತೆ ಮಾತಾಡಲಿಲ್ಲ. ಅವಳ ರವಿಕೆಯ ಗುಂಡಿಯನ್ನೂ ಹಾಕಿಕೊಡಲಿಲ್ಲ.

ಶಾಲೆಯಲ್ಲಿ ಕಡ್ಡಿಗೆ ಹೊಸ ಹೆಸರು ಬಿದ್ದಿತ್ತು: ಪಿನ್ನಮ್ಮ. ಅವಳ ಬೆಂಚಿನಲ್ಲಿ ಯಾರೂ ಕೂರುತ್ತಿರಲಿಲ್ಲವಂತೆ. ಕೂತ ಜಾಗದಲ್ಲಿ ಪಿನ್ನುಗಳನ್ನು ಮೇಲ್ಮುಖ ಮಾಡಿ ಇಡುತ್ತಿದ್ದರಂತೆ. ಇದನ್ನು ಅವಳು ಹೇಳಲಿಲ್ಲ. ಅವಳ ಸ್ಕರ್ಟಿನ ಹಿಂಬದಿ ಗೀರಿದ್ದನ್ನು ಹೊಲಿಯುವಾಗ ನಾನೇ ಕೇಳಿ ಕೇಳಿ ಬಾಯಿ ಬಿಡಿಸಿದೆ.

"ನಿಮ್ಮಪ್ಪನಿಗೆ ಹೇಳ್ಲಾ?"

"ಹೇಳು. ಚೀಲದ ಜೊತೆ ಸ್ಕರ್ಟೂ ಬಿಚ್ಚಿಸಿ ನೋಡ್ತಾನೆ."

"ಥೂ, ಏನ್ ಮಾತೇ ಅದು!"

"ಮತ್ತಿನ್ನೇನು ಅತ್ತೆ? ನಾನು ಮಾತ್ರೆ ಬೇಡ ಅಂದಿದ್ದಕ್ಕೆ ಅವರು ಸೇರಿಸಲ್ಲ. ಬೇಡ ಅಂದಿದ್ದೀನಿ ಅಂದ್ರೆ ಇವರು ನಂಬಲ್ಲ. ತಗೊಂಡಿದ್ರೆ ಒಂದು ಕಡೆಯಾದ್ರೂ ಸುಖವಾಗಿರ್ತಿದ್ದೆ!"

ನನ್ನ ಸೂಜಿ ಬೆರಳಿಗೆ ಚುಚ್ಚಿತು. ಅವಳ ಬೆನ್ನಿಗೆ ಒಂದು ಗುದ್ದಿ, "ಮತ್ತೊಮ್ಮೆ ಹಾಗಂದ್ರೆ ನಾಲಿಗೆ ಕತ್ತರಿಸ್ತೀನಿ" ಅಂದೆ. ನನಗೆ ಭಯವಾಗಿತ್ತು, ಬಾಯಿಗೆ ಬಂದದ್ದು ಮಾತ್ರ ಬೈಗುಳ. ನಮ್ಮ ಮನೆಯಲ್ಲಿ ಭಯವೂ ಹಾಗೆಯೇ ಹೊರಗೆ ಬರುತ್ತದೆ.

ಎರಡು ಮೂರು ವಾರ ಕಳೆಯಿತು. ಹೀಗಿರುವಾಗ ಒಂದು ಸಂಜೆ ಕಡ್ಡಿ ನಗುತ್ತಾ ಬಂದಳು. ಅಪ್ಪ ಕೇಳುವ ಮೊದಲೇ ಚೀಲ ಸುರಿದಳು. ಊಟದಲ್ಲಿ ಎರಡನೇ ಸಲ ಅನ್ನ ಹಾಕಿಸಿಕೊಂಡಳು. ಅತ್ತಿಗೆಗೆ ಆನಂದವೋ ಆನಂದ. ಉದ್ದಜಡೆ ಮತ್ತೆ ಮಾತಾಡಿಸಿದಳಂತೆ, ಪಕ್ಕದಲ್ಲಿ ಕೂರಿಸಿಕೊಂಡಳಂತೆ. "ಎಲ್ಲ ಮರೆತುಬಿಟ್ಟಿದ್ದಾಳೆ ಅಮ್ಮ, ಅವಳು ಒಳ್ಳೆಯವಳು."

"ಒಳ್ಳೆಯವಳು!" ಅಂತ ಗೊಣಗಿದ ಅಣ್ಣ.

"ಸುಮ್ನಿರಿ ನೀವು. ಮಗು ನಕ್ಕರೂ ನಿಮಗೆ ಆಗಲ್ಲ," ಅಂದಳು ಅತ್ತಿಗೆ.

ಮರುದಿನ ಕಡ್ಡಿ ಬಂದು ನಮ್ಮಮ್ಮನಿಗೆ, "ಅಜ್ಜಿ, ಸಂಜೆ ಹೊತ್ತು ಜೇಬು ನಾನು ನೋಡ್ತೀನಿ, ನೀನು ಕಾಲು ಚಾಚಿಕೋ" ಅಂದಳು. ನಾನು ಹೊಲಿಗೆ ನಿಲ್ಲಿಸಿದೆ. ಆ ಕೆಲಸ ಅಂದರೆ ಮೂಗು ಮುಚ್ಚಿಕೊಳ್ಳುತ್ತಿದ್ದವಳು ಇವಳು. ಯಾರದೋ ಸಿಂಬಳದ ಕರವಸ್ತ್ರ ಸಿಕ್ಕಿದ ದಿನ ವಾಂತಿ ಮಾಡಿಕೊಂಡಿದ್ದಳು. ನಮ್ಮಮ್ಮ ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿ, "ಸರಿ, ಮಾಡು" ಅಂದು ಕುರ್ಚಿ ಬಿಟ್ಟುಕೊಟ್ಟಳು. ಆ ಕುರ್ಚಿಯನ್ನು ಅವಳು ನನಗೂ ಬಿಟ್ಟುಕೊಟ್ಟವಳಲ್ಲ.

ಆ ವಾರವೇ ಒಬ್ಬ ಹುಡುಗ ಬಂದ. ಇಪ್ಪತ್ತರ ಆಸುಪಾಸು, ಕಿವಿಗೆ ಓಲೆ, ಬಾಯಲ್ಲಿ ಏನೋ ಜಗಿಯುತ್ತಿದ್ದ. ಒಂದು ಬೂದುಬಣ್ಣದ ಕೋಟು ಗಲ್ಲಾದ ಮೇಲೆ ಎಸೆದ. ಕೋಟು ಶುಭ್ರವಾಗಿತ್ತು, ಒಗೆಯುವಂಥದ್ದೇನೂ ಇರಲಿಲ್ಲ. ಅತ್ತಿಗೆ ಚೀಟಿ ಬರೆಯುತ್ತಿದ್ದಾಗ ಅವನು ಕಡ್ಡಿಯತ್ತ ನೋಡಿ ಹುಬ್ಬು ಹಾರಿಸಿದ. ಕಡ್ಡಿ ಮೇಜನ್ನೇ ನೋಡುತ್ತಿದ್ದಳು.

ಅವನು ಹೋದ ಮೇಲೆ ಅತ್ತಿಗೆ ಅಡುಗೆಗೆ ಅಂತ ಮೇಲೆ ಹತ್ತಿದಳು. ಅಡುಗೆ ಮುಗಿಯುವ ಹೊತ್ತಿಗೆ ಕಡ್ಡಿ ಕೋಟನ್ನು ಎಳೆದುಕೊಂಡು ಒಳಜೇಬಿಗೆ ಕೈ ಹಾಕಿದಳು. ಕೈ ಒಳಗೇ ಉಳಿಯಿತು. ಹೊರಗೆ ಬರಲಿಲ್ಲ. ನಾನು ಯಂತ್ರದ ಚಕ್ರ ಹಿಡಿದುಕೊಂಡು ನೋಡುತ್ತಲೇ ಇದ್ದೆ. ನಮ್ಮಮ್ಮ ಮೂಲೆಯಲ್ಲಿ ಕಾಲು ಚಾಚಿ ಕೂತವಳು ಕಣ್ಣು ಮುಚ್ಚಿದ್ದಳು, ಆದರೆ ನಿದ್ದೆ ಮಾಡುವಾಗ ಗೊರಕೆ ಹೊಡೆಯುವವಳು ಅವತ್ತು ಹೊಡೆಯುತ್ತಿರಲಿಲ್ಲ.

"ಊಟಕ್ಕೆ ಬನ್ನಿ!" ಮೇಲಿನಿಂದ ಅತ್ತಿಗೆ ಕೂಗಿದಳು.

"ನಂಗೆ ಬೇಡ," ಅಂದಳು ಕಡ್ಡಿ.

"ಬೇಡ ಅಂದ್ರೆ? ನಿನಗೇ ಅಂತ ಆಲೂಗಡ್ಡೆ ಹುರಿದಿದ್ದೀನಿ! ಬೆಂಕಿ ಮುಂದೆ ನಿಂತು ನನ್ನ ಸೊಂಟ ಬಿದ್ದುಹೋಗಿದೆ, ಇವಳಿಗೆ ಬೇಡವಂತೆ!"

"ಬೇಡ ಅಂದ್ರೆ ಬೇಡ!"

"ಓಹೋ, ನನ್ನ ಮುಂದೆ ಬೇಡ ಅನ್ನೋಕೆ ಚೆನ್ನಾಗಿ ಬರುತ್ತೆ ನಿಂಗೆ!"

ಅಷ್ಟೇ. ಕಡ್ಡಿ ಕೋಟನ್ನು ನೆಲಕ್ಕೆ ಬಡಿದು ಗೋಳೋ ಅಂತ ಅಳಲು ಶುರು ಮಾಡಿದಳು. "ಇಲ್ಲೇ ಬರೋದು! ಇಲ್ಲಿ ಮಾತ್ರ ಬರುತ್ತೆ! ಅಲ್ಲಿ ನನ್ನ ಬಾಯೇ ಬರಲ್ಲ! ನೀವೆಲ್ಲ ಇಷ್ಟು ಕಿರುಚ್ತೀರಿ, ಒಬ್ಬರಾದ್ರೂ ನಂಗೆ ಹೊರಗೆ ಕಿರುಚೋದು ಕಲಿಸಿದ್ರಾ?"

ಅಣ್ಣ ಇಸ್ತ್ರಿ ಪೆಟ್ಟಿಗೆ ಬಿಟ್ಟು ಬಂದ. ಅತ್ತಿಗೆ ಮೆಟ್ಟಿಲು ಇಳಿದು ಬಂದಳು, ಕೈಯಲ್ಲಿ ಸೌಟು. ಬಿಕ್ಕುತ್ತಲೇ ಕಡ್ಡಿ ಎಲ್ಲ ಹೇಳಿದಳು. ಬ್ಯಾಂಕಿನಮ್ಮ ಈಗ ಮಗಳ ಚೀಲ ದಿನಾ ಹುಡುಕುತ್ತಾಳೆ. ಹಾಗಾಗಿ ಆ ಹುಡುಗ ಮಾತ್ರೆಗಳನ್ನು ಕೋಟಿನಲ್ಲಿಟ್ಟು ಇಲ್ಲಿ ಕೊಡುವುದು, ಕಡ್ಡಿ ಜೇಬಿನಿಂದ ತೆಗೆದು ಶಾಲೆಯಲ್ಲಿ ಉದ್ದಜಡೆಗೆ ಮುಟ್ಟಿಸುವುದು. ಬೆಳಗ್ಗೆ ಹೋಗುವಾಗ ತನ್ನ ಅಪ್ಪ ಚೀಲ ನೋಡುವುದಿಲ್ಲ, ಸಂಜೆ ಬರುವಾಗ ಮಾತ್ರ ನೋಡುತ್ತಾನೆ ಅಂತ ಅವರಿಗೆ ಇವಳೇ ಹೇಳಿದ್ದಳು. ನಿಮ್ಮ ಅಂಗಡಿಯಲ್ಲಿ ಯಾರೂ ಏನೂ ಕೇಳುವುದಿಲ್ಲವಲ್ಲ ಅಂತ ಅವರೆಲ್ಲ ನಕ್ಕಿದ್ದರಂತೆ. ನಾಳೆ ತಂದುಕೊಟ್ಟು, ಎಲ್ಲರೆದುರು ತಾನೂ ಒಂದು ನುಂಗಿ ತೋರಿಸಿದರೆ ಗುಂಪಿಗೆ ವಾಪಸ್. ಇಲ್ಲದಿದ್ದರೆ ಪಿನ್ನಮ್ಮ, ಶಾಲೆ ಮುಗಿಯುವವರೆಗೆ.

"ನೀನು ಹ್ಞೂಂ ಅಂದ್ಯಾ?" ಅಣ್ಣನ ದನಿ ಸಣ್ಣದಾಗಿತ್ತು. ಅದು ಕಿರುಚುವುದಕ್ಕಿಂತ ಕೆಟ್ಟದಾಗಿತ್ತು.

"ಹ್ಞೂಂ ಅಂದೆ. ಕೈ ಹಾಕಿದೆ. ತೆಗೆಯೋಕೆ ಆಗ್ತಿಲ್ಲ, ಬಿಡೋಕೂ ಆಗ್ತಿಲ್ಲ."

ಆಮೇಲೆ ನಡೆದದ್ದನ್ನು ಬೀದಿಯೆಲ್ಲ ಕೇಳಿರಬೇಕು. ಅಣ್ಣ ಶಾಲೆ ಬಿಡಿಸುತ್ತೇನೆ ಅಂದ. ಅತ್ತಿಗೆ ಈಗಲೇ ಹೋಗಿ ಆ ಉದ್ದಜಡೆಯನ್ನು ಬುಡಕ್ಕೆ ಕತ್ತರಿಸುತ್ತೇನೆ ಅಂದಳು. ಶಾಲೆ ಬಿಡಿಸಿ ಇವಳನ್ನೂ ಆವಿಗೆ ನಿಲ್ಲಿಸುತ್ತೀಯಾ ಅಂತ ನಾನು ಅಣ್ಣನನ್ನು ಕೇಳಿದೆ. ಎಲ್ಲ ನಿನ್ನ ಸಲಿಗೆ ಅಂತ ಅವನು ಹೆಂಡತಿಯನ್ನು ಬೈದ, ಎಲ್ಲ ನಿಮ್ಮ ತಪಾಸಣೆ ಅಂತ ಅವಳು ಸೌಟು ಬೀಸಿದಳು. ಮೇಲೆ ಅಡುಗೆಮನೆಯಲ್ಲಿ ಆಲೂಗಡ್ಡೆ ಕರಕಲಾಗಿ ವಾಸನೆ ಬಂತು, ಅದಕ್ಕೂ ಒಂದು ಸುತ್ತು ಜಗಳವಾಯಿತು.

ನಡುವೆ ಕಡ್ಡಿ ಮೂಗು ಒರೆಸಿಕೊಂಡು ಅಜ್ಜಿಯ ಕುರ್ಚಿಯ ಹತ್ತಿರ ಹೋದಳು.

"ಅಜ್ಜಿ. ನಾಳೆ ಶಾಲೆ ಹತ್ರ ಬಂದು ನನ್ನ ಬೈತೀಯಾ?"

ಎಲ್ಲರೂ ಅವಳತ್ತ ತಿರುಗಿದರು.

"ಗೇಟಿನಲ್ಲಿ. ಎಲ್ಲರ ಮುಂದೆ. ಜೋರಾಗಿ. ನಾನು ಬೇಡ ಅಂದ್ರೆ ಅವರು ಕೇಳಲ್ಲ. ನಮ್ಮಜ್ಜಿ ರಾಕ್ಷಸಿ, ಅವಳ ಕಣ್ತಪ್ಪಿಸಿ ಏನೂ ತರೋಕಾಗಲ್ಲ ಅಂತ ಅವರ ಕಣ್ಣಾರೆ ನೋಡಿದ್ರೆ ಬಿಟ್ಟುಬಿಡ್ತಾರೆ. ನಾನು ಎದುರು ಮಾತಾಡ್ತೀನಿ, ನೀನು ನಿಲ್ಲಿಸ್ಬೇಡ."

"ನಮ್ಮ ಮರ್ಯಾದೆ ಏನಾಗುತ್ತೆ?" ಅಂದ ಅಣ್ಣ.

"ಹೋಗ್ಲಿ," ಅಂದಳು ಅತ್ತಿಗೆ. "ಕೊಳೆಯಾದ್ರೆ ಒಗೆಯೋಣ. ಅದೇ ತಾನೆ ನಮ್ಮ ಕಸುಬು?"

ನಮ್ಮಮ್ಮ ಬಗ್ಗಿ ನೆಲದಿಂದ ಕೋಟು ಎತ್ತಿಕೊಂಡಳು. ಒಳಜೇಬಿನಿಂದ ಬೆಳ್ಳಿಕಾಗದದ ಸುರುಳಿ ತೆಗೆದು ಕವರಿಗೆ ಹಾಕಿದಳು. "ಪಿನ್ನು ಕೊಡು," ಅಂದಳು ನನಗೆ. ಕೊಟ್ಟೆ. ಅಷ್ಟು ವರ್ಷದಲ್ಲಿ ಮೊದಲ ಸಲ ಅವಳು ಕವರನ್ನು ಕೋಟಿನ ಒಳಗೆ ಚುಚ್ಚಲಿಲ್ಲ. ಹೊರಗೆ, ಎದೆಯ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಚುಚ್ಚಿದಳು.

ಮರುದಿನ ಬೆಳಗ್ಗೆ ಅಂಗಡಿಗೆ ಬೀಗ. ನಮ್ಮಮ್ಮ ಮುಂದೆ, ಹ್ಯಾಂಗರಿಗೆ ಹಾಕಿದ ಕೋಟನ್ನು ಎತ್ತಿ ಹಿಡಿದುಕೊಂಡು. ಹಿಂದೆ ನಾನು. ಅಣ್ಣ ಅತ್ತಿಗೆ ಬೀದಿಯ ಆಚೆ ಬದಿಯಲ್ಲಿ, ಸಂಬಂಧವೇ ಇಲ್ಲದವರ ಹಾಗೆ. ಗೇಟಿನ ಮುಂದೆ ಮಕ್ಕಳ ಜಾತ್ರೆ. ಉದ್ದಜಡೆ ನಾಲ್ಕೈದು ಹುಡುಗಿಯರ ನಡುವೆ ನಿಂತಿದ್ದಳು. ಕಡ್ಡಿ ಅವರ ಹತ್ತಿರ ಆಗಷ್ಟೇ ತಲುಪಿದ್ದಳು. ಗೋಡೆಯ ಪಕ್ಕ, ಗಾಡಿಯ ಮೇಲೆ ಕೂತು ಜಗಿಯುತ್ತಿದ್ದವನನ್ನು ನಾನು ಗುರುತು ಹಿಡಿದೆ.

"ಏಯ್!" ಅಂದಳು ನಮ್ಮಮ್ಮ.

ಯಂತ್ರದ ಸದ್ದಿನ ಮೇಲೆ ಜೀವಮಾನವಿಡೀ ಕೂಗಿದ ಗಂಟಲು ಅದು. ಇಡೀ ಬೀದಿ ತಿರುಗಿತು.

"ನಿಂತ್ಕೊಳ್ಳೇ ಅಲ್ಲಿ! ನನ್ನ ಮೇಜಿನ ಮೇಲೆ ಕೂತು ನನ್ನ ಕಣ್ಣಿಗೇ ಮಣ್ಣೆರಚ್ತೀಯಾ?"

"ಅಜ್ಜಿ, ಇಲ್ಲಿ ಯಾಕೆ ಬಂದೆ!" ಕಡ್ಡಿ ಮಾತಿನ ಪ್ರಕಾರ ಎದುರು ಮಾತಾಡಿದಳು. "ಹೋಗು ಮನೆಗೆ!"

"ಹೋಗ್ತೀನಿ. ಗಿರಾಕಿ ಸಾಮಾನು ಕೊಟ್ಟು ಹೋಗ್ತೀನಿ. ಯಾರದಮ್ಮಾ ಈ ಕೋಟು? ಜೇಬಲ್ಲಿದ್ದದ್ದು ಇಲ್ಲಿದೆ ನೋಡಿ, ಒಂದೂ ಕಮ್ಮಿಯಾಗಿಲ್ಲ. ನಾನು ಯಾರದ್ದೂ ಇಟ್ಟುಕೊಂಡವಳಲ್ಲ. ಬನ್ನಿ, ಯಾರದು? ನಾಚಿಕೆ ಯಾಕೆ?"

ಅವಳು ಕೋಟನ್ನು ಒಬ್ಬೊಬ್ಬರ ಮುಖದ ಮುಂದೆ ಹಿಡಿಯುತ್ತಾ ಬಂದಳು. ಹುಡುಗಿಯರು ಹಿಂದೆ ಸರಿದರು. ಉದ್ದಜಡೆಯ ಮುಂದೆ ಬಂದಾಗ ನಿಂತಳು. "ನಿಂದಾ ಮಗಳೇ?" ಆ ಹುಡುಗಿ ತಲೆಯಾಡಿಸಿದಳು, ತುಟಿ ಬೆಳ್ಳಗಾಗಿತ್ತು. ಗೋಡೆಯ ಪಕ್ಕದ ಗಾಡಿ ಸದ್ದು ಮಾಡಿತು, ಹೊರಟಿತು. ಅಣ್ಣ ಅಡ್ಡ ಓಡಿದ, ಸಿಗಲಿಲ್ಲ. ಆದರೆ ಗಾಡಿಯ ನಂಬರು ಅತ್ತಿಗೆಯ ಬಾಯಲ್ಲಿ ಉಳಿಯಿತು. ಯಾರ ಯಾವ ಬಟ್ಟೆಗೆ ಯಾವ ನಂಬರಿನ ಚೀಟಿ ಅಂತ ಅವಳಿಗೆ ಎಂದೂ ಮರೆತದ್ದಿಲ್ಲ.

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಮ್ಮಮ್ಮ ನಿಲ್ಲಿಸುವವಳೇ? ಮೊಮ್ಮಗಳತ್ತ ತಿರುಗಿದಳು.

"ಇವಳನ್ನ ನೋಡ್ರಮ್ಮಾ, ಇವಳಿಗೆ ನೀವು ಬೇಕಂತೆ! ನಿಮ್ಮ ಬೆಂಚಲ್ಲಿ ಕೂರೋಕೆ ಏನು ಬೇಕಾದ್ರೂ ತಿಂತಾಳಂತೆ! ಇವಳಮ್ಮ ಬೆಳಗ್ಗೆದ್ದು ಕಟ್ಟಿಕೊಡೋ ಡಬ್ಬೀನ ದಾರಿಯ ಕಸದ ತೊಟ್ಟಿಗೆ ಸುರೀತಾಳೆ, ಗೊತ್ತಾ? ಒಬ್ಬಳೇ ಕೂತು ತಿನ್ನೋಕೆ ನಾಚಿಕೆಯಂತೆ. ತಾಯಿ ಅನ್ನ ಚೆಲ್ಲಿ, ಬೀದಿಯವನ ಮಾತ್ರೆ ನುಂಗೋಕೆ ಹೊರಟವಳು ಇವಳು. ಇನ್ಮೇಲೆ ಇವಳ ಜೇಬು ಬೆಳಗ್ಗೇನೂ ನೋಡ್ತೀನಿ, ಸಂಜೇನೂ ನೋಡ್ತೀನಿ. ಇವಳ ಕೈಲಿ ಏನಾದ್ರೂ ಕಳಿಸೋರು ಇದ್ರೆ ಕಳಿಸಿ. ಪಿನ್ನು ಹಾಕಿ ನಿಮ್ಮ ಮನೆ ಬಾಗಿಲಿಗೆ ತರ್ತೀನಿ!"

ಕಡ್ಡಿಯ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಡಬ್ಬಿಯ ವಿಷಯ ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದಳು. ನಮ್ಮಮ್ಮನಿಗೆ ಯಾವ ಗಿರಾಕಿ ಹೇಳಿದ್ದರೋ, ನನಗೂ ಗೊತ್ತಿಲ್ಲ. ಬೀದಿಯ ಆಚೆ ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಗ ಕಡ್ಡಿ ನಿಜವಾಗಿ ಅತ್ತಳು, ಎಲ್ಲರೆದುರು, ಸಣ್ಣ ಮಗುವಿನ ಹಾಗೆ. ಆ ಅಳುವನ್ನು ನೋಡಿ ಅದು ಹೇಳಿಕೊಟ್ಟ ಆಟ ಅಂತ ಯಾರೂ ಅಂದುಕೊಳ್ಳುವಂತಿರಲಿಲ್ಲ. ಒಳಗಿನಿಂದ ಹೆಡ್ ಮಿಸ್ಸು ಬಂದರು. ನಮ್ಮಮ್ಮ ಕೋಟನ್ನು ಅವರ ಕೈಗೆ ಕೊಟ್ಟಳು. "ವಾರಸುದಾರರು ಬರ್ಲಿಲ್ಲ. ಪೊಲೀಸರಿಗೆ ಕೊಡಿ. ಒಗೆದಿಲ್ಲ," ಅಂದಳು.

ಸಂಜೆ ಕಡ್ಡಿ ಬಂದವಳೇ ಚೀಲವನ್ನು ಮೇಜಿಗೆ ಅಪ್ಪಳಿಸಿದಳು.

"ಅಷ್ಟು ಬೈಯೋಕೆ ನಾನು ಹೇಳಿದ್ನಾ? ಡಬ್ಬಿ ವಿಷಯ ಯಾಕೆ ತೆಗೆದೆ?"

"ಅರ್ಧ ನೀನು ಹೇಳಿದ್ದಕ್ಕೆ ಬೈದೆ. ಇನ್ನರ್ಧ ನಂದು."

"ನಿನ್ನ ಜೊತೆ ಸಾಯೋವರೆಗೂ ಮಾತಾಡಲ್ಲ!"

"ಯಾರು ಸಾಯೋವರೆಗೂ? ನಾನಾದ್ರೆ ಸ್ವಲ್ಪ ದಿನ ಅಷ್ಟೇ, ತಡ್ಕೋತೀನಿ."

ಅತ್ತಿಗೆ ಮಗಳ ಡಬ್ಬಿ ತೆಗೆದು ನೋಡಿದಳು. ಖಾಲಿ. ಮಗಳ ಮುಖ ನೋಡಿದಳು.

"ತಿಂದೆ," ಅಂದಳು ಕಡ್ಡಿ ಸಿಡುಕಿನಿಂದ. "ಒಬ್ಬಳೇ ಕೂತು ತಿಂದೆ. ಆಲೂಗಡ್ಡೆಗೆ ಉಪ್ಪೇ ಇರ್ಲಿಲ್ಲ."

ಅದಾದ ಮೇಲೆ ಎಲ್ಲ ನೆಟ್ಟಗಾಯಿತು ಅಂತ ನಾನೇನೂ ಹೇಳುವುದಿಲ್ಲ. ಜೇಬಿನ ಗುಟ್ಟು ಬೀದಿಗೆ ತಂದರು ಅಂತ ಕೆಲವು ಗಿರಾಕಿಗಳು ಬೇರೆ ಲಾಂಡ್ರಿ ಹಿಡಿದರು. ಪೊಲೀಸರು ಎರಡು ಸಲ ಬಂದು ಅತ್ತಿಗೆಯಿಂದ ಗಾಡಿಯ ನಂಬರು ಕೇಳಿಕೊಂಡು ಹೋದರು. ಉದ್ದಜಡೆ ಕೆಲವು ವಾರ ಶಾಲೆಗೆ ಬರಲಿಲ್ಲ, ಯಾವುದೋ ಆಸ್ಪತ್ರೆಯಲ್ಲಿದ್ದಾಳೆ ಅಂತ ಸುದ್ದಿ. ಬ್ಯಾಂಕಿನಮ್ಮ ಒಂದು ದಿನ ಬಟ್ಟೆಯ ಗಂಟು ತಂದು ಗಲ್ಲಾದ ಮೇಲಿಟ್ಟಳು. ಮುಖ ಇಳಿದುಹೋಗಿತ್ತು. ಅತ್ತಿಗೆ ಚೀಟಿ ಕೊಟ್ಟಳು, ಅವಳು ತೆಗೆದುಕೊಂಡಳು. ಕಡ್ಡಿಯ ಹತ್ತಿರ ಮಾತ್ರ ಮತ್ತೆ ಯಾರೂ ಏನೂ ತರಿಸಲಿಲ್ಲ, ಏನೂ ತಿನ್ನು ಅನ್ನಲಿಲ್ಲ. ಅವಳ ಅಜ್ಜಿಗೆ ಹುಚ್ಚು ಅಂತ ಶಾಲೆಯಲ್ಲೆಲ್ಲ ಹಬ್ಬಿತ್ತು. ಅವಳಿನ್ನೂ ಪಿನ್ನಮ್ಮನೇ. ಅಜ್ಜಿಯ ಜೊತೆ ಮಾತೂ ಇಲ್ಲ. ನೀರು ಬೇಕಾದರೂ "ಅತ್ತೆ, ಆ ಮುದುಕಿಗೆ ಹೇಳು, ಚೊಂಬು ಈಚೆ ಕೊಡಲಿ" ಅನ್ನುತ್ತಿದ್ದಳು.

ತಿಂಗಳ ಕೊನೆಗೆ ಅವಳ ಶಾಲೆಯ ಕೋಟು ಒಗೆಯಲು ಬಿತ್ತು. ಮನೆಯವರ ಬಟ್ಟೆ ಮೇಜಿಗೆ ಬರುವುದಿಲ್ಲ, ಸೀದಾ ಯಂತ್ರಕ್ಕೆ ಹೋಗುತ್ತದೆ. ಅವತ್ತು ನಮ್ಮಮ್ಮ ಅದನ್ನು ತೆಗೆದುಕೊಂಡು ಮೇಜಿನ ಮೇಲೆ ಹರಡಿದಳು. ಕಡ್ಡಿ ಮೆಟ್ಟಿಲ ಮೇಲೆ ಪುಸ್ತಕ ಹಿಡಿದು ಕೂತಿದ್ದಳು. ನೋಡಿದಳು, ಪುಸ್ತಕ ಮಡಚಿದಳು. ನಮ್ಮಮ್ಮ ಒಂದೊಂದೇ ಜೇಬಿಗೆ ಕೈ ಹಾಕಿದಳು. ಒಳಜೇಬಿನಿಂದ ನಾಲ್ಕಾಗಿ ಮಡಚಿದ ಒಂದು ಕಾಗದ ಹೊರಗೆ ಬಂತು.

ಅಣ್ಣ ಇಸ್ತ್ರಿ ಬಿಟ್ಟು ಬಂದ. "ಕೊಡು ಇಲ್ಲಿ, ಏನದು ನೋಡೋಣ."

ನಮ್ಮಮ್ಮ ಅವನ ಕೈಗೆ ಪಟ್ ಅಂತ ಹೊಡೆದಳು.

"ಅಮ್ಮಾ, ನನ್ನ ಮಗಳು ಅವಳು!"

"ಈ ಮೇಜಿನ ಮೇಲೆ ಗಿರಾಕಿ."

"ಅದರೊಳಗೆ ಏನಾದ್ರೂ ಸುತ್ತಿಟ್ಟಿದ್ರೆ?"

"ಇದ್ರೆ ಅವಳೇ ಹೇಳ್ತಾಳೆ. ಒಂದ್ಸಲ ಹೇಳಿದವಳು," ಅಂದಳು ನಮ್ಮಮ್ಮ. ಕಾಗದವನ್ನು ಬಿಡಿಸಿ ನೋಡದೆ ಕವರಿಗೆ ಹಾಕಿದಳು, ಅದರ ಬಾಯಿ ಮಡಚಿದಳು, ಪಿನ್ನಿಗಾಗಿ ಕೈ ಚಾಚಿದಳು.

ನಾನು ಪಿನ್ನಿನ ಡಬ್ಬಿಗೆ ಕೈ ಹಾಕುವಷ್ಟರಲ್ಲಿ ಕಡ್ಡಿ ಮೆಟ್ಟಿಲಿಳಿದು ಬಂದಿದ್ದಳು. ತನ್ನ ಕಾಲರಿನ ಒಳಗಿನಿಂದ ಒಂದು ಪಿನ್ನು ಬಿಚ್ಚಿದಳು. ಬೆಂಚಿನ ಮೇಲೆ ಅವಳಿಗಾಗಿ ಮೇಲ್ಮುಖ ಮಾಡಿ ಇಡುತ್ತಿದ್ದ ಪಿನ್ನುಗಳಲ್ಲಿ ಅದೂ ಒಂದಿರಬೇಕು, ಸ್ವಲ್ಪ ಬಾಗಿತ್ತು. ಅದನ್ನು ಮೇಜಿನ ಮೇಲಿಟ್ಟು, ಅಷ್ಟು ದಿನದ ಮೇಲೆ ಮೊದಲ ಸಲ ಅಜ್ಜಿಯ ಮುಖ ನೋಡಿದಳು.

"ಸರಿಯಾಗಿ ಚುಚ್ಚು, ಬಿದ್ದುಗಿದ್ದು ಹೋದೀತು," ಅಂದಳು ಸಿಟ್ಟಿನಿಂದ.

"ನಂಗೆ ಹೇಳಿಕೊಡೋಕೆ ಬರ್ಬೇಡ," ಅಂದಳು ನಮ್ಮಮ್ಮ, ಅಷ್ಟೇ ಸಿಟ್ಟಿನಿಂದ, ಮತ್ತು ಒಳಬದಿಗೆ ಚುಚ್ಚಿದಳು.